ರೊಟ್ಟಿ ಬಡಿಯುವ ಸಾಹೇಬರು

ನಮ್ಮ ಮ್ಯಾನೇಜರ್ ಸಾಹೇಬರಿಗೆ ಕನ್ನಡ ಬರುತ್ತದೆ ಎಂಬ ಸಂಗತಿ ನಮಗೆ ಗೊತ್ತಾದದ್ದು ಕೊತ್ತಪಲ್ಲಿಗೆ ಹೋಗುವ ದಾರಿಯಲ್ಲಿ, ಅವರದೇ ಕಾರಿನಲ್ಲಿ, ಅವರ ಹೆಂಡತಿಯ ಬಾಯಿಂದ. ಅದು ಗೊತ್ತಾದ ಕ್ಷಣ ನನಗೂ, ಹಿಂದಿನ ಸೀಟಿನಲ್ಲಿ ನೂಲಿನ ಗಂಟುಗಳ ನಡುವೆ ಕೂತಿದ್ದ ಕಾಕಾ ಅವರಿಗೂ ಬಾಗಿಲು ತೆಗೆದು ಜೋಳದ ಹೊಲಕ್ಕೆ ಹಾರಿಬಿಡೋಣ ಅನ್ನಿಸಿತು. ಯಾಕೆ ಹಾಗೆ ಅನ್ನಿಸಿತು ಎಂದು ತಿಳಿಯಬೇಕಾದರೆ ನಮ್ಮ ಆಫೀಸಿನ ಮಾತಿನ ರೀತಿ ಮೊದಲು ಹೇಳಬೇಕು.

ನಾನು ಕೆಲಸ ಮಾಡುವುದು ನಾರಾಯಣಪೇಟೆಯ ಒಂದು ಕೈಮಗ್ಗದ ಸೊಸೈಟಿಯಲ್ಲಿ. ಸುತ್ತಲಿನ ಊರುಗಳ ನೇಕಾರರಿಗೆ ನೂಲು ಕೊಟ್ಟು ಬರುವುದು, ಅವರು ನೇಯ್ದ ಸೀರೆ ತರುವುದು, ಒಂದೊಂದನ್ನೂ ಬಿಚ್ಚಿ ನೋಡಿ ಮತ್ತೆ ಮಡಚಿ ವ್ಯಾಪಾರಿಗಳಿಗೆ ಕೊಡುವುದು ಅಲ್ಲಿಯ ಕೆಲಸ. ಬಿಚ್ಚಿ ಮಡಚುವುದು ನನ್ನ ಪಾಲಿಗೆ. ನೂಲಿನ ಉಗ್ರಾಣ ನೋಡಿಕೊಳ್ಳುವವರು ಕಾಕಾ. ನನಗೆ ನೆಂಟರೇನಲ್ಲ, ಎಲ್ಲರೂ ಕಾಕಾ ಅಂತಾರೆ, ನಾನೂ ಅಂತೀನಿ. ದಿನಾ ಮಕ್ತಲ್‌ನಿಂದ ಬಸ್ಸಿಗೆ ಬರುತ್ತಾರೆ. ಕುರುಬರ ಮನೆತನ, ಬೀರಪ್ಪನ ಒಕ್ಕಲು. ಭಾನುವಾರ ಹಣೆಗೆ ಹಚ್ಚಿಕೊಂಡ ಭಂಡಾರದ ಅರಿಸಿನ ಮಂಗಳವಾರದವರೆಗೂ ಹುಬ್ಬಿನಲ್ಲಿ ಉಳಿದಿರುತ್ತದೆ. ಗಂಟಲು ಮಾತ್ರ ಬಯಲಲ್ಲಿ ಕುರಿ ಕರೆಯುವವರದ್ದು. ಗುಟ್ಟು ಹೇಳಿದರೂ ಪಕ್ಕದ ಓಣಿಗೆ ಕೇಳಿಸುತ್ತದೆ. ಅವರು ಗುಡುಗಿದರೆ ನನಗೂ ಹೆದರಿಕೆಯೇ.

ಗಡಿಯ ಊರಾದ್ದರಿಂದ ಓಣಿಗಳಲ್ಲಿ ಕನ್ನಡವೂ ಉಂಟು, ಆಫೀಸಿನಲ್ಲಿ ನಡೆಯುವುದು ಮಾತ್ರ ತೆಲುಗು. ನಾನು ರಾಯಚೂರು ಕಡೆಯಿಂದ ಮದುವೆಯಾಗಿ ಬಂದವಳು, ತೆಲುಗು ಕಲಿತದ್ದು ನಾದಿನಿಯ ಶಾಲೆ ಪುಸ್ತಕದಿಂದ. ಹಾಗಾಗಿ ನನ್ನ ತೆಲುಗಿನಲ್ಲಿ ಸಿಟ್ಟಿಗೆ ಶಬ್ದವೇ ಇಲ್ಲ. 'ದಯವಿಟ್ಟು', 'ಕ್ಷಮಿಸಿ', 'ಬಹಳ ಸಂತೋಷ' ಇಂಥವೇ ಇವೆ. ಯಾರಾದರೂ ಕಾಲು ತುಳಿದರೂ ನಾನು ಪುಸ್ತಕದ ರೀತಿಯಲ್ಲಿ ವಂದನೆ ಹೇಳುತ್ತಿದ್ದೆ. ಇದರಿಂದ ಇಡೀ ಸೊಸೈಟಿಯಲ್ಲಿ ನನಗೆ ಬಲು ಸಾಧು ಹೆಣ್ಣುಮಗಳು ಎಂಬ ಹೆಸರು ಬಂದಿತ್ತು. ನಾನು ಅದನ್ನು ತಿದ್ದಲು ಹೋಗಲಿಲ್ಲ.

ಮ್ಯಾನೇಜರ್ ಸಾಹೇಬರು ಗದ್ವಾಲದವರು. ಅವರ ತೆಲುಗು ವಾರ್ತೆ ಓದುವವರ ತೆಲುಗಿನಂತೆ ನಿಂತು ನಿಂತು ಬರುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ, ಬಿಗಿದ ತುಟಿ. ಮಧ್ಯಾಹ್ನ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಊಟ ಮಾಡುತ್ತಿದ್ದರು. ಬಾಗಿಲು ಯಾಕೆ ಹಾಕುತ್ತಾರೆ ಎಂಬುದಕ್ಕೆ ಕಾಕಾ ವಾರಕ್ಕೊಂದು ಕಾರಣ ಹುಡುಕುತ್ತಿದ್ದರು. ಸೀರೆಯ ಅಂಚಿನಲ್ಲಿ ಒಂದು ಎಳೆ ಹೆಚ್ಚುಕಡಿಮೆಯಾದರೂ ಸಾಹೇಬರು ವಾಪಸು ಕೊಡುತ್ತಿದ್ದರು, ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಅವರು ನಮ್ಮಲ್ಲಿಗೆ ಬಂದ ಮೊದಲ ದಿನವೇ ಕಾಕಾ ಅವರನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಅವರ ಎದುರಿಗೇ ನನಗೆ ಕನ್ನಡದಲ್ಲಿ ಹೇಳಿದ್ದರು:

"ಗಂಜಿ ಹಾಕಿದ ಧೋತರ ಇದ್ದಂಗ ಅದಾನ್ ನೋಡವಾ. ಕುಂತ್ರ ಮುರೀತಾನ."

ಗದ್ವಾಲದವರಿಗೆ ಕನ್ನಡ ಎಲ್ಲಿ ಬರುತ್ತದೆ ಎಂಬ ಧೈರ್ಯ ನಮಗೆ. ಅಂದಿನಿಂದ ನಾನೂ ಕಾಕಾನೂ ಅವರ ಎದುರಿಗೇ ಅವರ ಬಗ್ಗೆ ಕನ್ನಡದಲ್ಲಿ ನಿರಾಳವಾಗಿ ಮಾತಾಡಿಕೊಳ್ಳುತ್ತಿದ್ದೆವು. ಅವರ ನಡಿಗೆ, ಅವರ ಮೀಸೆ, ಅವರು ಸೀನುವ ರೀತಿ, ಯಾವುದನ್ನೂ ಬಿಡಲಿಲ್ಲ. ಅವರು ಕೇಳಿಯೂ ಕೇಳದವರಂತೆ ಸೀರೆ ನೋಡುತ್ತಿದ್ದರು. ತಿಳಿಯುತ್ತಿಲ್ಲ ಎಂದೇ ನಾವು ನಂಬಿದ್ದೆವು.

ಆ ದಿನ ಕೊತ್ತಪಲ್ಲಿಯ ಮಗ್ಗಗಳಿಗೆ ನೂಲು ಒಯ್ಯಬೇಕಿತ್ತು. ಸೊಸೈಟಿಯ ಗಾಡಿ ಕೆಟ್ಟಿದ್ದರಿಂದ ಸಾಹೇಬರು ತಮ್ಮ ಕಾರು ತೆಗೆದರು. ಮುಂದೆ ನಾನು, ಹಿಂದೆ ಕಾಕಾ. ಕಾರು ಹಳೆಯದಾದರೂ ಅದಕ್ಕೊಂದು ಹೊಸ ಸ್ಪೀಕರ್ ಹಾಕಿಸಿದ್ದರು. ಫೋನು ಬಂದರೆ ಅದು ತಾನಾಗಿಯೇ ಎತ್ತಿಕೊಳ್ಳುತ್ತದೆಂದು ಬಹುಶಃ ಅವರಿಗೂ ಗೊತ್ತಿರಲಿಲ್ಲ. ಊರು ದಾಟಿದ ಸ್ವಲ್ಪ ಹೊತ್ತಿಗೆ ಸ್ಪೀಕರ್‌ನಿಂದ ಒಂದು ಹೆಣ್ಣುದನಿ ಕಾರು ತುಂಬ ಹರಡಿತು.

"ರೀ, ಪುಂಡಿಪಲ್ಯಕ್ಕ ಉಪ್ಪು ಹಾಕಾಕ ಮರ್ತೀರಿ ನೋಡ್ರಿ."

ಸಾಹೇಬರು ಸ್ಪೀಕರಿನ ಗುಂಡಿ ಒತ್ತಿದರು. ದನಿ ಇನ್ನೂ ದೊಡ್ಡದಾಯಿತು.

"ರೊಟ್ಟಿ ಮಾತ್ರ ಭಾಳ ಚಂದ ಬಡದೀರಿ. ನಮ್ಮವ್ವಗೂ ಕೊಟ್ಟೆ. ಅಳಿಯಾ ಬಡದಾನಂದ್ರ ಅಕಿ ನಂಬವಲ್ಲಳು. ಕೇಳಾಕತ್ತೀರೇನು?"

ಅವರು ಗಾಬರಿಯಲ್ಲಿ ಇನ್ನೊಂದೇನೋ ತಿರುವಿದರು. ಸುಡುಬಿಸಿಲಿನಲ್ಲಿ ಕಾರಿನ ಗಾಜು ಒರೆಸುವ ಕಡ್ಡಿಗಳು ಎಡಕ್ಕೂ ಬಲಕ್ಕೂ ಆಡತೊಡಗಿದವು. ಕೊನೆಗೆ ಸಾಹೇಬರು ವಾರ್ತೆಯ ತೆಲುಗಿನಲ್ಲಿ, ತಾನು ಮೀಟಿಂಗ್‌ನಲ್ಲಿದ್ದೇನೆ, ಆಮೇಲೆ ಮಾತಾಡುತ್ತೇನೆ ಎಂದು ಹೇಳಿದರು.

ಆ ಕಡೆಯಿಂದ ಹೆಂಡತಿ ಮೆಲ್ಲಗೆ ಕೇಳಿದರು: "ಯಾಕ್ರೀ, ನನ್ನ ಕೂಡ ತೆಲುಗು ಮಾತಾಡಾಕತ್ತೀರಿ? ಮೈಯಾಗ ಆರಾಮಿಲ್ಲೇನು?"

ಹೇಗೋ ಫೋನು ನಿಂತಿತು. ಗಾಜಿನ ಕಡ್ಡಿಗಳು ನಿಲ್ಲಲಿಲ್ಲ. ನಾನು ಮಡಿಲಲ್ಲಿದ್ದ ಚೀಲದ ಹಿಡಿಕೆ ನೋಡುತ್ತ ಕೂತೆ. ತಲೆಯೊಳಗೆ ಗಂಜಿ ಹಾಕಿದ ಧೋತರ, ಸೀನು, ಮೀಸೆ ಎಲ್ಲ ಸಾಲಾಗಿ ಬಂದು ನಿಂತವು. ಕನ್ನಡಿಯಲ್ಲಿ ಕಾಕಾರ ಮುಖ ಕಾಣುತ್ತಿತ್ತು; ಬಾಯಿ ಸ್ವಲ್ಪ ತೆರೆದಿತ್ತು. ಬಹಳ ಹೊತ್ತಾದ ಮೇಲೆ ಏನಾದರೂ ಹೇಳಲೇಬೇಕು ಅನ್ನಿಸಿತೋ ಏನೋ, ಅವರು ಕಿಟಕಿಯ ಆಚೆ ನೋಡಿ ಹೇಳಿದರು:

"ಜ್ವಾಳ ಚಂದ ಬಂದಾವು."

ಸಾಹೇಬರು ರಸ್ತೆಯ ಮೇಲಿನ ಕಣ್ಣು ಕೀಳದೆ ಉತ್ತರ ಕೊಟ್ಟರು. "ಹೂಂ. ಬಂದಾವು."

ಅವರ ಬಾಯಿಂದ ನಾವು ಕೇಳಿದ ಮೊದಲ ಕನ್ನಡ ಅದು.

ಮರುದಿನ ಕಾಕಾ ಬರಲಿಲ್ಲ. ಜ್ವರ ಬಂದಿದೆ ಎಂದು ಫೋನು ಮಾಡಿದರು. ಅದರ ಮರುದಿನವೂ ಬರಲಿಲ್ಲ. ಉಗ್ರಾಣದ ಬೀಗ ತೆಗೆಯುವವರಿಲ್ಲದೆ ನೇಕಾರರು ಮೆಟ್ಟಿಲ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಬರದೆ ಉಳಿಯುವ ಉಪಾಯ ನನಗೆ ಹೊಳೆಯದೆ ಹೋಯಿತಲ್ಲ ಎಂದು ನಾನು ಹೊಟ್ಟೆಕಿಚ್ಚು ಪಡುತ್ತ, ಸಾಹೇಬರು ಎದುರಿಗೆ ಬಂದಾಗಲೆಲ್ಲ ಸೀರೆಯೊಂದನ್ನು ಮುಖದ ಎತ್ತರಕ್ಕೆ ಹಿಡಿದು ದಾರ ನೋಡುತ್ತಿದ್ದೆ. ಆ ಸಂಜೆ ಅವರು ತೆಲುಗಿನಲ್ಲೇ ಹೇಳಿದರು, ಗದ್ವಾಲಕ್ಕೆ ಹೋಗುವಾಗ ಮಕ್ತಲ್ ಹೇಗೂ ದಾರಿಯಲ್ಲೇ ಸಿಗುತ್ತದೆ, ಕಾಕಾರನ್ನು ನೋಡಿಕೊಂಡು ಹೋಗೋಣ, ನೀವೂ ಬನ್ನಿ. ನನ್ನ ಗಂಡನ ಮೋಟಾರ್ ವೈಂಡಿಂಗ್ ಅಂಗಡಿ ಮಕ್ತಲ್‌ನಲ್ಲೇ ಇರುವುದರಿಂದ ವಾಪಸು ಬರಲು ನನಗೆ ಜೊತೆಯಿತ್ತು. ತಪ್ಪಿಸಿಕೊಳ್ಳುವುದಕ್ಕೆ ದಾರಿ ಇರಲಿಲ್ಲ.

ಕಾಕಾ ತಮ್ಮ ಮನೆಯ ಬಗ್ಗೆ ಆಫೀಸಿನಲ್ಲಿ ಒಂದು ಮಾತು ಸದಾ ಹೇಳುತ್ತಿದ್ದರು. ತಾವು ಕೂತ ಮೇಲೆಯೇ ಮನೆಯಲ್ಲಿ ಬೇರೆಯವರು ಕೂಡುವುದು, ತಾವು ಉಂಡ ಮೇಲೆಯೇ ಬೇರೆಯವರು ಉಣ್ಣುವುದು ಅಂತ. ನಾವು ಹೋದಾಗ ಅಂಗಳದಲ್ಲಿ ಬೇವಿನ ಮರದ ಕೆಳಗೆ ಮಂಚ ಹಾಕಿತ್ತು. ಮಂಚದ ಮೇಲೆ ಕಂಬಳಿ ಹಾಸಿಕೊಂಡು ಒಂದು ದೊಡ್ಡ ಟಗರು ಮಲಗಿತ್ತು. ಕಾಕಾ ನೆಲದ ಮೇಲೆ ಕೂತು ಅದಕ್ಕೆ ನೆನೆಸಿದ ಕಡಲೆಯನ್ನು ಅಂಗೈಯಲ್ಲಿ ತಿನ್ನಿಸುತ್ತಿದ್ದರು.

"ಇಕಾ ತಿನ್ನಪಾ, ಇದೊಂದು ತುತ್ತು ತಿನ್ನು, ನಮ್ಮಪ್ಪ ಅಲ್ಲೇನು," ಎಂದು ಪುಸಲಾಯಿಸುತ್ತಿದ್ದ ದನಿ ನಾವು ಉಗ್ರಾಣದಲ್ಲಿ ಎಂದೂ ಕೇಳಿದ್ದಲ್ಲ.

ನಮ್ಮನ್ನು ನೋಡಿ ಎದ್ದು ನಿಂತರು. ಕಡಲೆ ಅಂಗಳ ತುಂಬ ಚೆಲ್ಲಿತು. ಒಳಗಿನಿಂದ ಅವರ ಹೆಂಡತಿ ಬಂದು, ಕಾರಿನಲ್ಲಿ ಬಂದವರು ಯಾರು ಎಂದು ತಿಳಿದ ಕೂಡಲೇ ಸೆರಗು ಸರಿಪಡಿಸಿಕೊಂಡು ಹೇಳಿದರು: "ಬರ್ರಿ ಸಾಹೇಬ್ರ. ಕುಂದ್ರಾಕ ಕುರ್ಚಿ ತರ್ತೀನಿ. ಮಂಚದ ಮ್ಯಾಲ ಜಾಗ ಇಲ್ಲ ನೋಡ್ರಿ. ಅದು ಮ್ಯಾಲ, ಇವ್ರು ಕೆಳಗ. ನಮ್ಮನ್ಯಾಗ ಹಿಂಗಾ."

ಸಾಹೇಬರು ಟಗರನ್ನು ನೋಡಿದರು, ಕಾಕಾರನ್ನು ನೋಡಿದರು. ಆಮೇಲೆ ಕನ್ನಡದಲ್ಲಿ, ಬೇಕೆಂದೇ ಕನ್ನಡದಲ್ಲಿ, ಕೇಳಿದರು.

"ಕಾಕಾ, ಜ್ವರ ಯಾರಿಗೆ ಬಂದೈತ್ರಿ?"

ಕಾಕಾ ಯೋಚಿಸಿದರು. "ಇಬ್ಬರಿಗೂ ರೀ," ಅಂದರು. "ಮೊದಲ ಇದಕ್ಕ ಬಂತು. ನಿಮ್ಮ ಕಾರಿನ್ಯಾಗ ಕುಂತ ಮ್ಯಾಲ ನನಗೂ ಬಂತು."

ಸಾಹೇಬರು ನಕ್ಕರು. ನಗು ಅಂದರೆ ಬಾಯಿ ಮುಚ್ಚಿಕೊಂಡು, ಭುಜ ಕುಣಿಸುತ್ತ ನಗುವ ನಗು. ಅದನ್ನು ನೋಡಿ ನನಗೂ ತಡೆಯಲಾಗಲಿಲ್ಲ. ಟಗರಿಗೆ ನಿಜವಾಗಿಯೂ ಹುಷಾರಿರಲಿಲ್ಲ, ಎರಡು ದಿನ ಮೇವು ಮುಟ್ಟಿರಲಿಲ್ಲವಂತೆ. ಸಾಹೇಬರು ತಮಗೆ ಪರಿಚಯವಿದ್ದ ಪಶುವೈದ್ಯರಿಗೆ ಅಲ್ಲಿಂದಲೇ ಫೋನು ಹಚ್ಚಿ ಬರಹೇಳಿದರು. ಮುಂದಿನ ವಾರ ಕಾಕಾ ಕೆಲಸಕ್ಕೆ ಬಂದರು. ನನ್ನ ಮೇಲೂ ನೂಲಿನ ಗಂಟು ಹೊರುವ ಹುಡುಗರ ಮೇಲೂ ಮೊದಲಿನಂತೆಯೇ ಗುಡುಗಿದರು. ಆದರೆ ಅವರು ಗುಡುಗಿದಾಗಲೆಲ್ಲ ನನಗೆ 'ನಮ್ಮಪ್ಪ ಅಲ್ಲೇನು' ಎಂಬ ದನಿ ಕಿವಿಯಲ್ಲಿ ಕೇಳುತ್ತಿತ್ತು. ಹೆದರಿಕೆ ಅಲ್ಲಿಗೆ ಮುಗಿಯಿತು.

ಇನ್ನು ರೊಟ್ಟಿಯ ಸುದ್ದಿ. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಕಾಕಾ ಯಾರೋ ಒಬ್ಬರಿಗೆ ಮಾತ್ರ ಹೇಳಿದರು, ಆದರೆ ಅವರ ಗಂಟಲಿನಲ್ಲಿ ಹೇಳಿದರು. ಮುಂದಿನ ಸಲ ಕೊತ್ತಪಲ್ಲಿಗೆ ಹೋಗುವ ಹೊತ್ತಿಗೆ ನಮಗಿಂತ ಮೊದಲೇ ಸುದ್ದಿ ಅಲ್ಲಿಗೆ ಮುಟ್ಟಿತ್ತು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಹೆಂಗಸರು ಸಾಹೇಬರನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಅಲ್ಲಿ ಒಬ್ಬ ಅಜ್ಜಿ ಇದ್ದಾಳೆ, ಬಹಳ ಜೋರು. ಅವಳ ಒಂದು ಸೀರೆ ಸಾಹೇಬರು ಆ ದಿನ ಪಕ್ಕಕ್ಕಿಟ್ಟರು. ಅಂಚಿನಲ್ಲಿ ನೇಯ್ದ ಗೋಪುರದ ಚಿತ್ರಗಳು ಒಂದು ಕಡೆ ಕಿರಿದಾಗಿದ್ದವು. ಮೊದಲಾಗಿದ್ದರೆ ಅವಳು ಗೊಣಗಿ ಸುಮ್ಮನಾಗುತ್ತಿದ್ದಳು. ಈಗ ಲಾಳಿ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟಳು.

"ಸಾಹೇಬ್ರ, ನೀವು ರೊಟ್ಟಿ ಬಡೀತೀರಂತಲ್ಲ."

"ಬಡೀತೀನಿ."

"ನೀವು ಬಡದ ರೊಟ್ಟಿ ಎಲ್ಲಾ ಒಂದೇ ನಮೂನಿ ದುಂಡಗ ಬರ್ತಾವೇನ್ರಿ?"

ಮಗ್ಗಗಳ ಸದ್ದು ನಿಂತಿತು. ಎಲ್ಲರೂ ಉತ್ತರಕ್ಕೆ ಕಾಯುತ್ತಿದ್ದರು. ನಾನು ಮತ್ತೆ ಒಂದು ಸೀರೆಯನ್ನು ಮುಖದೆತ್ತರಕ್ಕೆ ಹಿಡಿದೆ. ಸಾಹೇಬರ ಅಧಿಕಾರ ಇವತ್ತಿಗೆ ಹೋಯಿತು ಅಂದುಕೊಂಡೆ.

ಅವರು ನಿಧಾನವಾಗಿ ಹೇಳಿದರು: "ಎಲ್ಲಾ ದುಂಡಗ ಬರಂಗಿಲ್ಲಬೇ ಅಜ್ಜಿ. ಒಂದೊಂದು ಸೊಟ್ಟ ಆಗ್ತೈತಿ, ಒಂದೊಂದು ಒಡೀತೈತಿ. ಅದನ್ನ ನಾನಾ ತಿಂತೀನಿ. ಮಂದಿ ತಾಟಿಗೆ ಹಾಕಂಗಿಲ್ಲ. ನೀನೂ ಈ ಸೀರಿ ನೀನಾ ಉಟ್ಕೊ."

ಹೆಂಗಸರೆಲ್ಲ ನಕ್ಕರು, ಅಜ್ಜಿಯೂ ನಕ್ಕಳು. ಸೀರೆ ತೆಗೆದು ಮೊಳೆಗೆ ಹಾಕಿ, "ಮಾತು ಬರ್ತಾವಪ್ಪ ಇವನಿಗೆ," ಎಂದು ಪಕ್ಕದವಳಿಗೆ ಹೇಳಿದಳು. ಆ ಮನುಷ್ಯ ವಾರ್ತೆಯ ತೆಲುಗಿನಲ್ಲಿ ಎಷ್ಟೋ ದಿನ ಹೇಳಿದರೂ ನಾಟದ ಮಾತು ಒಂದು ರೊಟ್ಟಿಯಿಂದ ನಾಟಿತು. ಅಧಿಕಾರ ಹೋಗುವುದಿರಲಿ, ಅಲ್ಲಿಂದ ಮುಂದೆ ಅಂಚು ಸೊಟ್ಟಾದ ಸೀರೆಗೆ ಆ ಓಣಿಯಲ್ಲಿ 'ಸಾಹೇಬ್ರ ಒಡಕ ರೊಟ್ಟಿ' ಎಂದೇ ಹೆಸರಾಯಿತು. ನೇಕಾರರೇ ಅದನ್ನು ಬೇರೆ ತೆಗೆದಿಡತೊಡಗಿದರು.

ಇಷ್ಟಾದರೂ ನನ್ನ ಹೆಸರು ಸಾಧು ಹೆಣ್ಣುಮಗಳು ಎಂದೇ ಉಳಿದಿತ್ತು. ಅದು ಹೋದದ್ದು ನಮ್ಮ ಕಡೆಯ ಮದ್ದೂರಿನ ಮಗ್ಗಗಳಿಗೆ ಹೊರಟ ಒಂದು ಮುಂಜಾನೆ.

ನಮ್ಮ ಪಕ್ಕದ ಮನೆಯವನಿಗೆ ಒಂದು ಟ್ರ್ಯಾಕ್ಟರ್ ಇದೆ. ಹೊಲದಿಂದ ಬಂದರೆ ಅದನ್ನು ಓಣಿಯಲ್ಲಿ ನಿಲ್ಲಿಸಿ ತೊಳೆಯುತ್ತಾನೆ. ಕೆಸರೆಲ್ಲ ಹರಿದು ನಮ್ಮ ಬಾಗಿಲಿಗೆ ಬರುತ್ತದೆ. ಆ ದಿನ ನಾನು ಬಾಗಿಲು ಸಾರಿಸಿ, ರಂಗೋಲಿ ಹಾಕಿ, ತಲೆ ಬಾಚಿಕೊಳ್ಳಲು ಒಳಗೆ ಹೋಗಿ ಬರುವಷ್ಟರಲ್ಲಿ ರಂಗೋಲಿ ಕೆಸರಿನಲ್ಲಿ ತೇಲಿಹೋಗಿತ್ತು. ಸಾಹೇಬರು ನನ್ನನ್ನು ಕರೆದೊಯ್ಯಲು ಮನೆಯ ಹತ್ತಿರವೇ ಬರುತ್ತೇನೆಂದು ಹೇಳಿದ್ದರು ನಿಜ. ಹೇಳಿದ ಹೊತ್ತಿಗಿಂತ ಮೊದಲೇ ಬರುತ್ತಾರೆಂದು ನನಗೇನು ಗೊತ್ತು.

ನಾನು ಕಸಬರಿಗೆ ಹಿಡಿದು ಓಣಿಗೆ ಇಳಿದೆ. ತೆಲುಗಿನಲ್ಲಿ ನನಗೆ ಇಲ್ಲದ ಶಬ್ದಗಳೆಲ್ಲ ಕನ್ನಡದಲ್ಲಿ ಇವೆ.

"ಏನಣ್ಣಾ, ಟ್ರ್ಯಾಕ್ಟರಿಗೆ ದಿನಾ ಜಳಕ ಮಾಡಿಸ್ತಿ, ನೀ ಯಾವಾಗ ಮಾಡಿದ್ದಿ ನೆನಪೈತೇನು? ಎಣ್ಣಿ ಹಚ್ಚಿ ಸೀಗೆಕಾಯಿನೂ ಹಾಕು ಅದಕ್ಕ. ತಲಿ ಬಾಚಿ ಹೂವು ಮುಡಿಸು. ನಿನ್ನ ಹೊಲದ ಮಣ್ಣೆಲ್ಲಾ ನನ್ನ ಬಾಗಲಿಗೆ ಬಂದೈತಿ. ಬರೋ ವರ್ಷ ಬಿತ್ತೋದೂ ಇಲ್ಲೇ ಬಿತ್ತು. ಕುಂಟಿ ಹೊಡಿಯಾಕ ಒಳಗ ಬಾ, ಅಡಗಿ ಮನಿ ತನಕ ಹೊಡ್ಕೊಂಡು ಹೋಗು."

ಅವನು ಏನೋ ಹೇಳಲು ಬಾಯಿ ತೆಗೆದ. ನಾನು ಬಿಡಲಿಲ್ಲ. ಬಾಗಿಲಲ್ಲಿ ನಿಂತ ನಮ್ಮ ಅತ್ತೆ ಹಿಂದಿನಿಂದ, "ಹೋದ ವರ್ಷದ ಗ್ವಾಡಿ ಮಾತೂ ಹೇಳು," ಎಂದು ನೆನಪಿಸಿದರು. ನಾನು ಗೋಡೆಯ ಮಾತನ್ನೂ ಹೇಳಿದೆ. ಅವನ ಅಜ್ಜ ಬಾವಿಯ ಹಗ್ಗ ಕೊಡದೆ ಸತಾಯಿಸಿದ ಮಾತನ್ನೂ, ನಾನು ಹುಟ್ಟುವ ಮೊದಲಿನದ್ದಾದರೂ, ಹೇಳಿದೆ. ಕೊನೆಗೆ ಅವನು ಪೈಪು ಬಿಟ್ಟು ಒಳಗೆ ಹೋದ. ಗೆದ್ದ ಖುಷಿಯಲ್ಲಿ ತಿರುಗಿದರೆ, ನಮ್ಮ ಮನೆಯ ಕಟ್ಟೆಯ ಮೇಲೆ ಸಾಹೇಬರು ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದರು.

ಅವರು ಬಂದು ಬಹಳ ಹೊತ್ತಾಗಿತ್ತಂತೆ. ಅತ್ತೆ ಅವರಿಗೆ ಹೇಳಿದ್ದರಂತೆ: "ಕುಂದ್ರಿ ಸಾಹೇಬ್ರ. ಈಗ ಸುರು ಆಗೈತಿ, ಮುಗಿಯಾಕ ಹೊತ್ತು ಹಿಡೀತೈತಿ. ಚಹಾ ಕುಡೀರಿ."

ನನ್ನ ಕೈಯಲ್ಲಿ ಕಸಬರಿಗೆ, ಮುಡಿ ಅರ್ಧ ಬಿಚ್ಚಿದೆ. ಅಂಥ ಹೊತ್ತಿನಲ್ಲೂ ಬಾಯಿಗೆ ಅಭ್ಯಾಸವಾದದ್ದೇ ಬಂತು. "ನಮಸ್ಕಾರಮಂಡಿ. ದಯಚೇಸಿ ಕೂರ್ಚೋಂಡಿ," ಎಂದು ಪುಸ್ತಕದ ತೆಲುಗಿನಲ್ಲಿ, ಮೆಲ್ಲಗಿನ ದನಿಯಲ್ಲಿ, ದಯವಿಟ್ಟು ಕೂತುಕೊಳ್ಳಿ ಅಂದೆ. ಅವರು ಆಗಲೇ ಕೂತಿದ್ದರು. ಅವರ ಭುಜಗಳು ಕುಣಿಯತೊಡಗಿದವು. ಬಸಿಯ ಚಹಾ ತುಳುಕಿ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಬಿತ್ತು.

ಕಾರಿನಲ್ಲಿ ನಾನು ಮುಡಿ ಕಟ್ಟಿಕೊಳ್ಳುತ್ತ ಕೂತೆ. ಆಮೇಲೆ ಬಸ್ ನಿಲ್ದಾಣದ ಹತ್ತಿರ ಹತ್ತಿ ಹಿಂದೆ ಕೂತ ಕಾಕಾರಿಗೆ ಏನಾಯಿತೆಂದು ಗೊತ್ತಿರಲಿಲ್ಲ; ಅಂಗಿಯ ಕಲೆ ನೋಡಿ ನನ್ನತ್ತ ಹುಬ್ಬು ಹಾರಿಸಿದರು. ಊರು ದಾಟಿದ ಮೇಲೆ ಸಾಹೇಬರೇ ಶುರು ಮಾಡಿದರು.

"ಕಾಕಾ, ಈ ಧೋತರಕ್ಕ ಗಂಜಿ ಈಗರೆ ಕಮ್ಮಿ ಆಗೈತೇನ್ರಿ?"

ಕಾಕಾ ಒಂದು ನೂಲಿನ ಗಂಟನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು. ನಾನೇ ಧೈರ್ಯ ಮಾಡಿ ಕೇಳಿದೆ: "ಸಾಹೇಬ್ರ, ನಿಮಗ ಮೊದಲಿಂದ ಎಲ್ಲಾ ತಿಳೀತಿತ್ತು. ಒಂದು ದಿನಾನೂ ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿ?" ಅಂದರು ಅವರು. "ನಾ ಬಂದ ದಿನಾನಾ ಕಾಕಾ ಆ ಮಾತು ಅಂದ್ರು. ತಟ್ಟನ ಕನ್ನಡದಾಗ ಮಾತಾಡಿದ್ರ ನಿಮಗ ನಾಚಿಕಿ ಆಗ್ತಿತ್ತು. ನಾಳಿ ಹೇಳಿದ್ರಾತು ಅಂತ ಸುಮ್ಕಾದೆ. ಮರುದಿನ ನೀವು ಮೀಸಿ ಸುದ್ದಿ ತಗದ್ರಿ. ಅದರ ಮರುದಿನ ಸೀನಿಂದು. ಹೇಳಾಕ ಒಂದು ಒಳ್ಳೆ ದಿನಾನಾ ಸಿಗಲಿಲ್ಲ ನನಗ."

ಕನ್ನಡಿಯಲ್ಲಿ ಮುಖ ನೋಡಿಕೊಂಡು, "ಮೀಸಿ ಮಾತ್ರ ನೀವು ಅಂದ ಮ್ಯಾಲ ಸಣ್ಣ ಮಾಡಿಸಿದೆ," ಅಂದರು.

ನನಗೆ ನಗು ಬಂತು, ಆದರೆ ಪೂರ್ತಿ ನಗಲಾಗಲಿಲ್ಲ. ನಮಗೆ ಮುಜುಗರವಾಗಬಾರದೆಂದು ಈ ಮನುಷ್ಯ ತನ್ನ ಮನೆಮಾತನ್ನೇ ದಿನವಿಡೀ ಬಾಯಿಯಲ್ಲಿ ಕಟ್ಟಿಟ್ಟುಕೊಂಡಿದ್ದರು. ಅವರ ತಾಯಿಯ ಊರು ರಾಯಚೂರಿನ ಹತ್ತಿರವಂತೆ. ಹೆಂಡತಿ ಗದ್ವಾಲದಲ್ಲಿ ನರ್ಸು, ಪಾಳಿಯ ಕೆಲಸ. ಮುಂಜಾನೆ ಅಡುಗೆ ಇವರದ್ದೇ. ಮಧ್ಯಾಹ್ನ ಬಾಗಿಲು ಹಾಕಿಕೊಳ್ಳುತ್ತಿದ್ದುದು ಯಾಕೆಂದರೆ, ಡಬ್ಬಿ ನೋಡಿದವರು ಹೆಂಡತಿಯ ಕೈಗುಣ ಹೊಗಳುತ್ತಾರೆ, ಒಪ್ಪಿಕೊಂಡರೆ ಸುಳ್ಳಾಗುತ್ತದೆ, ಇಲ್ಲವೆಂದರೆ ಕಥೆ ಹೇಳಬೇಕಾಗುತ್ತದೆ. ಅಷ್ಟೇ ಕಾರಣ. ಕಾಕಾ ಹುಡುಕಿದ್ದ ಕಾರಣಗಳೆಲ್ಲ ಇದಕ್ಕಿಂತ ಚೆನ್ನಾಗಿದ್ದವು.

ಮದ್ದೂರು ಹತ್ತಿರ ಬಂದಾಗ ಸಾಹೇಬರು ಹೇಳಿದರು: "ಇನ್ನ ಮ್ಯಾಲ ವ್ಯಾಪಾರಿಗಳ ಕೂಡ ನೀವು ಮಾತಾಡ್ರಿ."

"ನಾನೇನ್ರಿ?"

"ನೀವಾ. ಟ್ರ್ಯಾಕ್ಟರಿನವ್ನ ಕೂಡ ಮಾತಾಡಿದ್ರಲ್ಲ, ಹಂಗ."

ಆ ಮಾತಿಗೆ ಕಾರಣವಿತ್ತು. ನಮ್ಮಲ್ಲಿಗೆ ಒಬ್ಬ ದಲಾಲಿ ಬರುತ್ತಿದ್ದ. ಬಿಳಿಯ ಪ್ಯಾಂಟು, ಬೆರಳಿಗೆ ಉಂಗುರಗಳು. ಯಾವಾಗಲೂ ಹಿಂದಿಯಲ್ಲಿ ಮಾತು. ಒಯ್ದ ಸೀರೆಗಳಲ್ಲಿ ಒಂದಲ್ಲ ಒಂದರಲ್ಲಿ ಹುಳುಕು ತೆಗೆದು ವಾಪಸು ತರುತ್ತಿದ್ದ. ಸಾಹೇಬರು ಅವನೆದುರು ಸಭ್ಯತೆಯಿಂದಲೇ ಸೋಲುತ್ತಿದ್ದರು. ಮುಂದಿನ ಸಲ ಅವನು ಬಂದಾಗ ಸಾಹೇಬರು ತಮ್ಮ ಕೋಣೆಯಿಂದ ಹೊರಗೇ ಬರಲಿಲ್ಲ. ಬಾಗಿಲನ್ನು ಮಾತ್ರ ತೆರೆದಿಟ್ಟಿದ್ದರು.

ದಲಾಲಿ ಒಂದು ಕೆನೆಬಣ್ಣದ ಸೀರೆ ತೆಗೆದು ಮೇಜಿನ ಮೇಲೆ ಒಗೆದ. ಕೆಂಪು ಅಂಚು ಬಣ್ಣ ಬಿಟ್ಟಿದೆ, ಗಿರಾಕಿ ವಾಪಸು ಕೊಟ್ಟಿದ್ದಾರೆ ಅಂದ. ನೋಡಿದರೆ ಒಡಲಿನ ಮೇಲೆ ಅಲ್ಲಲ್ಲಿ ಗುಲಾಬಿ ಕಲೆ ಇದ್ದದ್ದು ನಿಜ. ನಾನು ಅಭ್ಯಾಸಬಲದಿಂದ ತೆಲುಗಿನಲ್ಲಿ ಕ್ಷಮಿಸಿ ಎಂದು ಶುರು ಮಾಡಿದೆ. ಒಳಗಿನಿಂದ ಸಾಹೇಬರ ದನಿ ಬಂತು.

"ಕನ್ನಡದಾಗ, ತಂಗಿ."

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. "ಅಣ್ಣಾ, ನಿಮ್ಮೂರು ಯಾವುದು?" ಎಂದು ಕೇಳಿದೆ. ಅವನು ಬೆಚ್ಚಿದವನಂತೆ, "ರಾಯಚೂರು ರೀ," ಅಂದ. ಇಷ್ಟು ದಿನ ಅವನೂ ನಮ್ಮನ್ನು ತೆಲುಗರೆಂದೇ ತಿಳಿದಿದ್ದ.

"ಭಾಳ ಚಲೋ ಆತು, ನಮ್ಮೂರ ಕಡೆಯವ್ರಾ," ಎಂದು ಹೇಳಿ, ಬಕೆಟ್ಟಿನಲ್ಲಿ ನೀರು ತಂದು ಅವನ ಮುಂದೆಯೇ ಸೀರೆಯ ಕೆಂಪು ಅಂಚನ್ನು ಅದ್ದಿದೆ. ನೀರು ನೀರಾಗಿಯೇ ಉಳಿಯಿತು.

"ಬರೇ ನೀರಿನ್ಯಾಗ ಬಿಡಂಗಿಲ್ಲ," ಅಂದ ಅವನು.

ಸಾಬೂನು ಹಾಕಿದೆ. ಬಿಡಲಿಲ್ಲ.

"ಬಿಸಿನೀರಿಗೆ ಬಿಡ್ತೈತಿ."

ಕಾಕಾ ಚಹಾದ ಒಲೆಯ ಮೇಲೆ ನೀರು ಕಾಯಿಸಿ ತಂದರು. ಆಗಲೂ ಬಿಡಲಿಲ್ಲ.

"ಇನ್ನೇನು ಹಾಕ್ಲಿ ಅಣ್ಣಾ?" ಅಂದೆ. "ಹಾಲು ಮೊಸರು ತರ್ಲೇನು, ಅಭಿಷೇಕ ಮಾಡೂಣ? ಅಂಚು ಬಣ್ಣ ಬಿಟ್ಟಿದ್ರ ಕಲಿ ಅಂಚಿನ ಗುಂಟ ಹತ್ತಬೇಕು. ಇದು ಸೊಂಟದ ಜಾಗದಾಗ ಹತ್ತೈತಿ. ನಿಮ್ಮ ಗಿರಾಕಿ ಹೊಸಾ ಕೆಂಪು ಲಂಗದ ಮ್ಯಾಲ ಈ ಸೀರಿ ಉಟ್ಟು, ಬೆವತು ಕುಂತಾರ. ಯಾರವ್ರು? ನನಗ ಫೋನ್ ನಂಬರ್ ಕೊಡ್ರಿ, ನಾನಾ ಕೇಳ್ತೀನಿ."

ಅವನು ಉಂಗುರ ತಿರುವಿದ. "ಅವ್ರಿಗೆ ಯಾಕ ಫೋನು," ಅಂದ.

"ಯಾಕಂದ್ರ ಲಂಗದ ಅಂಗಡಿಯವ್ನು ಮಾಡಿದ ತಪ್ಪಿಗೆ ನಮ್ಮ ಕೊತ್ತಪಲ್ಲಿ ಅಜ್ಜಿ ಬೈಸ್ಕೋಬೇಕೇನು? ಕೊಡ್ರಿ ನಂಬರು."

ಅವನು ಸುತ್ತ ನೋಡಿ, ದನಿ ತಗ್ಗಿಸಿದ. "ಗಿರಾಕಿ ಅಲ್ಲರೀ. ನಮ್ಮನಿಯವ್ರಾ. ತಂಗಿ ಮದುವಿಗೆ ಉಟ್ಟಿದ್ಲು. ಕಲಿ ಆದ ಮ್ಯಾಲ ಮನ್ಯಾಗ ಒಂದಾ ಸಮನ ಅಳು. ಸೀರಿ ಬದ್ಲಿ ಮಾಡ್ಕೊಂಡು ಬಂದ್ರನಾ ಮನಿಯೊಳಗ ಬಿಡ್ತೀನಿ ಅಂದಾಳ."

ಅಷ್ಟು ದಿನ ನಮ್ಮ ಮೇಜಿಗೆ ಸೀರೆ ಒಗೆದು ಮಾತಾಡುತ್ತಿದ್ದ ಮನುಷ್ಯ ಹಾಗೆ ನಿಂತದ್ದನ್ನು ನೋಡಿ ನನ್ನ ಬಾಯಿಯ ಹರಿತವೇ ಹೋಯಿತು. ಕಾಕಾ ಅವನಿಗೊಂದು ಸ್ಟೂಲು ಕೊಟ್ಟರು. ಸಾಹೇಬರು ಹೊರಗೆ ಬಂದು, ಆ ಸೀರೆಗೆ ಗಾಢ ಕೆಂಪು ಬಣ್ಣ ಹಾಕಿಸಿದರೆ ಕಲೆ ಮುಚ್ಚಿಹೋಗುತ್ತದೆ, ನಮ್ಮ ಬಣ್ಣದವರಿಂದಲೇ ಮಾಡಿಸಿಕೊಡುತ್ತೇವೆ ಅಂದರು. ಹಾಗೆಯೇ ಮಾಡಿಸಿದೆವು. ಅವನ ಹೆಂಡತಿಗೆ ಅದು ಮೊದಲಿಗಿಂತ ಹೆಚ್ಚು ಇಷ್ಟವಾಯಿತಂತೆ. ದಲಾಲಿ ಈಗಲೂ ಹುಳುಕು ತೆಗೆಯುತ್ತಾನೆ, ಆದರೆ ಕನ್ನಡದಲ್ಲಿ ತೆಗೆಯುತ್ತಾನೆ, ನಿಜವಾದ ಹುಳುಕನ್ನೇ ತೆಗೆಯುತ್ತಾನೆ.

ಹೀಗೆ ಒಬ್ಬರ ಮನೆ ಒಬ್ಬರಿಗೆ ಗೊತ್ತಾದದ್ದರಿಂದ ಎಲ್ಲವೂ ಒಳ್ಳೆಯದೇ ಆಯಿತೆಂದು ಹೇಳಲಾರೆ. ಕಾಕಾ ಟಗರಿನ ಹೆಸರಿನಲ್ಲಿ ರಜೆ ಕೇಳುವುದು ಕಲಿತರು. ಸಾಹೇಬರಿಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ನಾನು ತಡವಾಗಿ ಬಂದ ದಿನ ಅವರು ಗಡಿಯಾರ ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ, "ಟ್ರ್ಯಾಕ್ಟರೇನ್ರಿ?" ಎಂದು ಕೇಳಿ ಬಿಟ್ಟುಬಿಡುತ್ತಾರೆ. ಹಿಂದೆ ಬೈದಿದ್ದರೆ ಎರಡು ದಿನಕ್ಕೆ ಮರೆಯುತ್ತಿದ್ದೆ. ಈ ಬಿಟ್ಟುಬಿಡುವಿಕೆಗೆ ಹೆದರಿ ನಾನು ಈಗ ಟ್ರ್ಯಾಕ್ಟರಿನವನಿಗಿಂತ ಬೇಗ ಏಳುತ್ತೇನೆ.

ಹೋದ ಚಳಿಗಾಲದಲ್ಲಿ ಒಂದು ಭಾನುವಾರ ಸಾಹೇಬರು ನಮ್ಮನ್ನು ಗದ್ವಾಲಕ್ಕೆ ಊಟಕ್ಕೆ ಕರೆದರು. ನಾನು, ನನ್ನ ಗಂಡ, ಕಾಕಾ, ಅವರ ಹೆಂಡತಿ ಮಕ್ತಲ್‌ನಿಂದ ಬಸ್ಸು ಹತ್ತಿದೆವು. ಜೂರಾಲ ಅಣೆಕಟ್ಟಿನ ಮೇಲೆ ಬಸ್ಸು ಹೋಗುವಾಗ ಕಾಕಾ ಎಂದಿನಂತೆ ಕೃಷ್ಣೆಗೆ ಕೈಮುಗಿದರು. ಸ್ಪೀಕರಿನಲ್ಲಿ ದನಿಯಾಗಿ ಮಾತ್ರ ಗೊತ್ತಿದ್ದ ಸಾಹೇಬರ ಹೆಂಡತಿಯನ್ನು ಆ ದಿನ ಕಣ್ಣಾರೆ ಕಂಡೆವು. ಎತ್ತರದ ಹೆಂಗಸು, ಚುರುಕು ಕಣ್ಣು. ಸಾಹೇಬರು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಇವರು ನಮ್ಮ ಜೊತೆ ಹೊರಗೆ ಕೂತು, ಬಹಳ ದಿನದಿಂದ ಕೇಳಬೇಕೆಂದಿದ್ದವರ ಹಾಗೆ ಕೇಳಿದರು:

"ಆಫೀಸಿನ್ಯಾಗ ಇವ್ರು ಏನರೆ ಮಾತಾಡ್ತಾರೇನ್ರಿ? ಮನ್ಯಾಗಂತೂ ಬಾಯಿ ಬಿಡಂಗಿಲ್ಲ. ಹೂಂ ಅಂದ್ರ ಹೂಂ, ಉಹೂಂ ಅಂದ್ರ ಉಹೂಂ. ಕೆಲಸ ಮಾಡ್ತಾರ, ಸುಮ್ಕ ಕುಂದ್ರತಾರ."

ನಾವು ಮುಖ ಮುಖ ನೋಡಿಕೊಂಡೆವು. ಮನೆಯಲ್ಲಿ ಮಾತಾಡಿ ಆಫೀಸಿನಲ್ಲಿ ಬಿಗಿದುಕೊಳ್ಳುತ್ತಾರೆಂದು ನಾವು ತಿಳಿದಿದ್ದೆವು. ಕಾಕಾ ಗಂಟಲು ಸರಿ ಮಾಡಿಕೊಂಡು, ದಲಾಲಿ ಹೋದ ಸಂಜೆ ಸಾಹೇಬರು ನಮಗಾಗಿ ಆ ದಲಾಲಿಯಂತೆಯೇ ಉಂಗುರ ತಿರುವಿ, 'ಮನಿಯೊಳಗ ಬಿಡ್ತೀನಿ ಅಂದಾಳ' ಎಂದು ಅಭಿನಯಿಸಿ ತೋರಿಸಿದ್ದನ್ನು ಹೇಳಿದರು. ಆ ದಿನ ನಕ್ಕು ನಕ್ಕು ನಾನು ಮಡಚಿದ ಸೀರೆಗಳ ರಾಶಿ ಕೆಡವಿದ್ದೆ.

"ಇವ್ರಾ?" ಅಂದರು ಹೆಂಡತಿ.

"ಇವ್ರಾ ರೀ. ನಮ್ಮ ದಫ್ತರಿನ್ಯಾಗ ಇವ್ರಿಗಿಂತ ನಗಸೋರು ಇಲ್ಲ," ಅಂದರು ಕಾಕಾ.

ಆಕೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದರು. "ರೀ, ಅದೇನೋ ದಲಾಲಿ ಸೋಗು ಹಾಕ್ತೀರಂತ. ನನಗೂ ತೋರಸ್ರಿ."

ಸಾಹೇಬರು ಹಿಟ್ಟಿನ ಕೈಯಲ್ಲಿ ಹೊರಗೆ ಬಂದು, ಕಾಕಾರನ್ನು ಒಮ್ಮೆ ನೋಡಿದರು. ಹೆಂಡತಿಯ ಎದುರು ನಿಂತಾಗ 'ಗಂಜಿ' ಮತ್ತೆ ಏರಿದಂತೆ ಕಂಡಿತು. ಒಲ್ಲೆ ಅಂದರು. ಆಕೆ ಬಿಡಲಿಲ್ಲ. ನಾವೂ ಬಿಡಲಿಲ್ಲ. ಕೊನೆಗೆ ಅವರು ಉಂಗುರವಿಲ್ಲದ ಹಿಟ್ಟಿನ ಬೆರಳನ್ನು ತಿರುವುತ್ತ, ದನಿ ತಗ್ಗಿಸಿ, ಸುತ್ತ ನೋಡಿ, ಆ ಮಾತು ಆಡಿಯೇ ತೋರಿಸಿದರು.

ಮೊದಲು ನಕ್ಕವರು ಒಳಕೋಣೆಯಿಂದ ಕೇಳಿಸಿಕೊಳ್ಳುತ್ತಿದ್ದ ಸಾಹೇಬರ ಅತ್ತೆ. ಹೆಂಡತಿ ನಗಲಿಲ್ಲ, ಗಂಡನನ್ನು ಹಾಗೇ ನೋಡುತ್ತ ನಿಂತರು, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರು ಇದ್ದಕ್ಕಿದ್ದಂತೆ ನಮ್ಮೂರ ಹೆಸರು ಹೇಳಿದಾಗ ನೋಡುತ್ತೇವಲ್ಲ, ಹಾಗೆ. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಸಾಹೇಬರು ಹಿಟ್ಟಿನ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ಹಂಚಿನ ಮೇಲೆ ರೊಟ್ಟಿ ಹೊತ್ತುವ ವಾಸನೆ ಬಂದಾಗ ಕಾಕಾರ ಹೆಂಡತಿಯೇ ಎದ್ದು ಒಳಗೆ ಓಡಿದರು.